ಪರೋಕ್ಷವೆಂದರೆ ದೂರವಲ್ಲ: ಸಂಸ್ಕೃತದ ಲಿಟ್ ರೂಪದ ಅರ್ಥ ಮತ್ತು ಕನ್ನಡದ ಓದು

1

ಸಂಸ್ಕೃತದಲ್ಲಿ ಭೂತಕಾಲವನ್ನು ಸೂಚಿಸುವ ಆಖ್ಯಾತ ರೂಪಗಳು ಮೂರು: ಲುಙ್, ಲಙ್ ಮತ್ತು ಲಿಟ್. ಗಮ್ ಧಾತುವನ್ನು ತೆಗೆದುಕೊಂಡರೆ ಇವು ಕ್ರಮವಾಗಿ ಅಗಮತ್, ಅಗಚ್ಛತ್, ಜಗಾಮ ಎಂದಾಗುತ್ತವೆ. ಕನ್ನಡದ ಮೂಲಕ ಸಂಸ್ಕೃತ ಕಲಿಯುವ ವಿದ್ಯಾರ್ಥಿಗೆ ಈ ಮೂರಕ್ಕೂ ಸಾಮಾನ್ಯವಾಗಿ ದೊರೆಯುವ ಅರ್ಥ ಒಂದೇ: 'ಹೋದನು'. ಮೂರು ರೂಪಗಳ ವ್ಯತ್ಯಾಸವನ್ನು ಕೇಳಿದಾಗ ಲುಙ್ ಸಾಮಾನ್ಯ ಭೂತ, ಲಙ್ ಅನದ್ಯತನ ಭೂತ, ಲಿಟ್ ಪರೋಕ್ಷ ಭೂತ ಎಂಬ ಹೆಸರುಗಳು ಉತ್ತರವಾಗಿ ಬರುತ್ತವೆ. ಹೆಸರನ್ನು ಕಂಠಪಾಠ ಮಾಡಿದವನು ಅದರ ಅರ್ಥವನ್ನೂ ತಿಳಿದನೆಂದು ಭಾವಿಸಿ ಪಾಠ ಮುಂದೆ ಸಾಗುತ್ತದೆ.

ತೊಡಕಿರುವುದು 'ಪರೋಕ್ಷ' ಎಂಬ ಪದದಲ್ಲಿ. ಇಂದಿನ ಕನ್ನಡದಲ್ಲಿ ಈ ಪದಕ್ಕೆ 'ನೇರವಲ್ಲದ' ಎಂಬ ಅರ್ಥ ಬಲವಾಗಿ ಅಂಟಿಕೊಂಡಿದೆ. ಪರೋಕ್ಷ ತೆರಿಗೆ, ಪರೋಕ್ಷ ಬೆಂಬಲ ಮುಂತಾದ ಪ್ರಯೋಗಗಳು ಇದಕ್ಕೆ ನಿದರ್ಶನ. ಭೂತಕಾಲದ ಸಂದರ್ಭಕ್ಕೆ ಈ ಅರ್ಥ ಹೊಂದದಿರುವುದರಿಂದ ಪರೋಕ್ಷ ಭೂತವೆಂದರೆ 'ಬಹಳ ಹಿಂದಿನ ಕಾಲ' ಎಂಬ ಸುಲಭ ವಿವರಣೆ ರೂಢಿಗೆ ಬಂದಿದೆ. ಪುರಾಣೇತಿಹಾಸಗಳಲ್ಲಿ ಲಿಟ್ ಹೇರಳವಾಗಿ ಕಾಣಿಸಿಕೊಳ್ಳುವುದರಿಂದ ಈ ವಿವರಣೆಗೆ ಬಲವೂ ದೊರೆತಿದೆ. ಆದರೆ ವೈಯಾಕರಣರು ಈ ರೂಪದ ಸುತ್ತ ನಡೆಸಿದ ಚರ್ಚೆಯನ್ನು ಗಮನಿಸಿದರೆ ಅಲ್ಲಿ ಮುಖ್ಯವಾಗಿರುವುದು ಕಾಲದ ದೂರಕ್ಕಿಂತ ಹೆಚ್ಚಾಗಿ ಹೇಳುವವನ ಸಾಕ್ಷಿತ್ವ ಎಂಬುದು ಸ್ಪಷ್ಟವಾಗುತ್ತದೆ. ನಡೆದದ್ದನ್ನು ಹೇಳುವವನು ಕಂಡಿದ್ದಾನೆಯೇ ಇಲ್ಲವೇ ಎಂಬುದೇ ಅಲ್ಲಿನ ಪ್ರಶ್ನೆ. ಈ ಪ್ರಶ್ನೆಯನ್ನು ಕೈಬಿಟ್ಟು ಲಿಟ್ ರೂಪವನ್ನು ಕಲಿಸುವುದರಿಂದ ಸಂಸ್ಕೃತದ ಓದಿಗೆ ನಷ್ಟವಾಗುತ್ತದೆ. ಕನ್ನಡದ ಒಂದು ವಿಶಿಷ್ಟ ವ್ಯಾಕರಣಾಂಶವನ್ನು ಗುರುತಿಸುವ ಅವಕಾಶವೂ ತಪ್ಪಿಹೋಗುತ್ತದೆ.

2

ರೂಪದ ದೃಷ್ಟಿಯಿಂದ ಲಿಟ್ ಉಳಿದೆರಡು ಭೂತರೂಪಗಳಿಂದ ಎದ್ದು ಕಾಣುವಷ್ಟು ಭಿನ್ನವಾಗಿದೆ. ಲುಙ್, ಲಙ್‌ಗಳಲ್ಲಿ ಧಾತುವಿನ ಮೊದಲಿಗೆ ಬರುವ ಅಕಾರಾಗಮ ಇಲ್ಲಿಲ್ಲ. ಅದರ ಬದಲು ಧಾತುವಿಗೆ ದ್ವಿತ್ವವಾಗುತ್ತದೆ: ಕೃ ಎಂಬುದು ಚಕಾರ, ದೃಶ್ ಎಂಬುದು ದದರ್ಶ, ಭೂ ಎಂಬುದು ಬಭೂವ. ಪ್ರತ್ಯಯಗಳೂ ಬೇರೆ. ಏಕವಚನದಲ್ಲಿ ಬಲಗೊಳ್ಳುವ ಧಾತು ದ್ವಿವಚನ ಬಹುವಚನಗಳಲ್ಲಿ ಕುಗ್ಗಿ ಚಕ್ರತುಃ, ಚಕ್ರುಃ ಎಂದಾಗುತ್ತದೆ. ಪಪಾಚ ಎಂಬುದರ ದ್ವಿವಚನ ಪೇಚತುಃ ಎಂದಾಗಿ ದ್ವಿತ್ವವೇ ಮರೆಯಾಗುತ್ತದೆ. ಪ್ರತ್ಯಯಾಂತ ಧಾತುಗಳಿಗೆ ಆಮ್ ಸೇರಿ, ಅದರ ಮುಂದೆ ಕೃ, ಭೂ, ಅಸ್ ಧಾತುಗಳ ಲಿಟ್ ರೂಪ ಬಂದು ಕಥಯಾಮಾಸ, ಚಿಂತಯಾಂಚಕಾರ ಮುಂತಾದ ರೂಪಗಳು ಸಿದ್ಧಿಸುತ್ತವೆ.

ತರಗತಿಗಳಲ್ಲಿ ಹೆಚ್ಚಿನ ಶ್ರಮ ವ್ಯಯವಾಗುವುದು ಈ ರೂಪಸಿದ್ಧಿಗೇ. ಅದು ಅನಿವಾರ್ಯವೂ ಹೌದು. ಆದರೆ ಒಂದು ಭಾಷೆ ಒಂದೇ ಕಾಲಕ್ಕೆ ಇಷ್ಟೊಂದು ಪ್ರತ್ಯೇಕವಾದ ರೂಪವ್ಯವಸ್ಥೆಯನ್ನು ಏಕೆ ಉಳಿಸಿಕೊಂಡಿತು ಎಂಬ ಪ್ರಶ್ನೆಯನ್ನು ಎತ್ತದೆ ರೂಪಗಳನ್ನು ಮಾತ್ರ ಒಪ್ಪಿಸುವುದು ವ್ಯಾಕರಣವನ್ನು ಪಟ್ಟಿಯ ಮಟ್ಟಕ್ಕೆ ಇಳಿಸುತ್ತದೆ.

3

ಪಾಣಿನಿಯ ವ್ಯವಸ್ಥೆಯಲ್ಲಿ ಲಿಟ್‌ಗೆ ಎರಡು ಷರತ್ತುಗಳಿವೆ. ಕ್ರಿಯೆ ಇಂದಿನ ದಿನಕ್ಕೆ ಸೇರಿರಬಾರದು; ಅದು ಪರೋಕ್ಷವಾಗಿರಬೇಕು. ಮೊದಲನೆಯದು ಹಿಂದಿನ ಸೂತ್ರದಿಂದ (3.2.111) ಅನುವೃತ್ತಿಯಾಗಿ ಬಂದದ್ದು, ಎರಡನೆಯದು ಲಿಟ್ ಸೂತ್ರದಲ್ಲಿಯೇ (3.2.115) ಹೇಳಿದ್ದು. ಕಾಲಕ್ಕೆ ಸಂಬಂಧಿಸಿದ ಷರತ್ತು ಲಙ್‌ಗೂ ಲಿಟ್‌ಗೂ ಸಮಾನವಾಗಿರುವುದರಿಂದ ಅವೆರಡನ್ನು ಬೇರ್ಪಡಿಸುವ ಅಂಶ ಕಾಲವಾಗಿರಲು ಸಾಧ್ಯವಿಲ್ಲ. ನಿನ್ನೆ ನಡೆದದ್ದನ್ನು ಕಂಡವನು ಲಙ್ ಬಳಸಬೇಕು, ಕಾಣದವನು ಲಿಟ್ ಬಳಸಬಹುದು. ಇಂದು ನಡೆದದ್ದಾದರೆ, ಕಂಡಿರಲಿ ಕಾಣದಿರಲಿ, ಲುಙ್ ಬರುತ್ತದೆ.

ಪತಂಜಲಿಯ ಮಹಾಭಾಷ್ಯವು ಈ 'ಪರೋಕ್ಷ' ಪದವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕಣ್ಣಿಗೆ ಆಚೆಯದು ಎಂಬ ವ್ಯುತ್ಪತ್ತಿಯನ್ನು ವಿವೇಚಿಸಿದ ಬಳಿಕ ಭಾಷ್ಯಕಾರ ಎತ್ತುವ ಆಕ್ಷೇಪ ಕುತೂಹಲಕರವಾದುದು: ಕ್ರಿಯೆಯೆಂಬುದು ಯಾವಾಗಲೂ ಕಣ್ಣಿಗೆ ಕಾಣುವ ವಸ್ತುವಲ್ಲ, ಹಾಗಾದರೆ ಎಲ್ಲ ಧಾತ್ವರ್ಥವೂ ಪರೋಕ್ಷವೇ ಆಗಿರುವಾಗ ಸೂತ್ರದಲ್ಲಿ ಆ ಮಾತನ್ನು ಸೇರಿಸುವ ಅಗತ್ಯವೇನು? ಅಡುಗೆಯನ್ನು ನೋಡಿದೆವು ಎನ್ನುವಾಗ ನೋಡಿದ್ದು ಒಲೆ, ಪಾತ್ರೆ, ಅಕ್ಕಿ, ಅಡುಗೆಯವನು ಇವುಗಳನ್ನೇ ಹೊರತು ಬೇಯಿಸುವಿಕೆ ಎಂಬ ಪ್ರತ್ಯೇಕ ವಸ್ತುವನ್ನಲ್ಲ. ಇದಕ್ಕೆ ದೊರೆಯುವ ಸಮಾಧಾನವೆಂದರೆ ಕ್ರಿಯೆಯ ಸಾಧನಗಳು, ಅಂದರೆ ಕಾರಕಗಳು, ಕಣ್ಣಿಗೆ ಕಾಣದಿದ್ದಾಗ ಆ ಕ್ರಿಯೆಯನ್ನು ಪರೋಕ್ಷವೆಂದು ತಿಳಿಯಬೇಕು ಎಂಬುದು. ಹೀಗೆ ಒಂದು ಲಕಾರದ ಅರ್ಥನಿರ್ಣಯವು ಪ್ರತ್ಯಕ್ಷಜ್ಞಾನದ ಸ್ವರೂಪವನ್ನೇ ವಿಚಾರಿಸುವ ಹಂತಕ್ಕೆ ಹೋಗುತ್ತದೆ.

ಎಷ್ಟು ಮರೆಯಾದರೆ ಪರೋಕ್ಷ ಎಂಬ ಪ್ರಶ್ನೆಗೆ ಭಾಷ್ಯವು ತನ್ನ ಕಾಲದ ನಾಲ್ಕು ಅಭಿಪ್ರಾಯಗಳನ್ನು ದಾಖಲಿಸುತ್ತದೆ. ನೂರು ವರ್ಷಗಳ ಹಿಂದೆ ನಡೆದದ್ದು ಪರೋಕ್ಷವೆಂದು ಕೆಲವರು, ಸಾವಿರ ವರ್ಷಗಳ ಹಿಂದಿನದೆಂದು ಬೇರೆಯವರು, ಗೋಡೆಯ ಅಥವಾ ಚಾಪೆಯ ಮರೆಯಲ್ಲಿ ನಡೆದದ್ದೆಂದು ಮತ್ತೆ ಕೆಲವರು, ಎರಡು ಮೂರು ದಿನಗಳ ಹಿಂದಿನದೆಂದು ಇನ್ನು ಕೆಲವರು ಹೇಳುತ್ತಾರೆ. 'ಬಹಳ ಹಿಂದಿನ ಕಾಲ' ಎಂಬ ವಿವರಣೆಗೆ ಪ್ರಾಚೀನ ಆಧಾರ ಇಲ್ಲವೇ ಇಲ್ಲ ಎನ್ನುವಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಸಾವಿರ ವರ್ಷ ಮತ್ತು ಒಂದು ಚಾಪೆ ಒಂದೇ ಸಾಲಿನಲ್ಲಿ ಬಂದು ನಿಂತಿರುವುದನ್ನು ಗಮನಿಸಬೇಕು. ಇವೆರಡಕ್ಕೂ ಸಮಾನವಾದ ಗುಣ ದೂರವಲ್ಲ, ಮರೆ. ಕಾಲವು ಮರೆಮಾಡುವ ಹಲವು ಬಗೆಗಳಲ್ಲಿ ಒಂದು ಮಾತ್ರ. ಕನ್ನಡದಲ್ಲಿ 'ಒಬ್ಬರ ಪರೋಕ್ಷದಲ್ಲಿ ಅವರ ವಿಷಯ ಆಡಬಾರದು' ಎನ್ನುವಾಗ ಈ ಹಳೆಯ ಅರ್ಥವೇ ಉಳಿದುಕೊಂಡಿದೆ. ಪಾಠ ಹೇಳುವವರು ಪರೋಕ್ಷ ತೆರಿಗೆಯ ಬದಲು ಈ ಪ್ರಯೋಗದಿಂದ ಆರಂಭಿಸಿದರೆ ಅರ್ಧ ತೊಡಕು ನಿವಾರಣೆಯಾಗುತ್ತದೆ.

4

ಪರೋಕ್ಷತ್ವವು ಸಾಕ್ಷಿತ್ವಕ್ಕೆ ಸಂಬಂಧಿಸಿದ್ದು ಎಂಬುದನ್ನು ಉತ್ತಮ ಪುರುಷದ ಪ್ರಯೋಗ ಇನ್ನಷ್ಟು ಗಟ್ಟಿಯಾಗಿ ತೋರಿಸುತ್ತದೆ. ತಾನು ಮಾಡಿದ ಕೆಲಸ ತನಗೆ ಪರೋಕ್ಷವಾಗುವುದು ಹೇಗೆ? ಹಾಗಾದರೆ ಲಿಟ್‌ಗೆ ಉತ್ತಮ ಪುರುಷವೇ ಇರಬಾರದಲ್ಲವೇ? ಭಾಷ್ಯದ ಉತ್ತರ ನಿದ್ದೆ ಮತ್ತು ಮದದ ಸ್ಥಿತಿಗಳನ್ನು ಮುಂದಿಡುತ್ತದೆ. ನಿದ್ದೆಯಲ್ಲಿ ಅಥವಾ ಮತ್ತಿನಲ್ಲಿ ಬಡಬಡಿಸಿದವನು ಆಮೇಲೆ ಅದನ್ನು ಹೇಳುವಾಗ 'ವಿಲಲಾಪ' ಎಂಬ ಲಿಟ್ ರೂಪವನ್ನು ತನಗೇ ಅನ್ವಯಿಸಿಕೊಳ್ಳಬಹುದು. ಜೊತೆಗೆ 'ಕಿಲ' ಎಂಬ ಅವ್ಯಯವೂ ಬರುತ್ತದೆ. ಎಚ್ಚರವಾಗಿದ್ದವನಿಗೂ ಇದು ಸಂಭವಿಸಬಹುದೆಂಬುದಕ್ಕೆ ಪ್ರಾಚೀನ ವೈಯಾಕರಣ ಶಾಕಟಾಯನನ ಪ್ರಸಂಗವನ್ನು ಪತಂಜಲಿ ನೆನೆಯುತ್ತಾನೆ. ರಥಗಳು ಓಡಾಡುವ ದಾರಿಯಲ್ಲಿಯೇ ಕುಳಿತಿದ್ದ ಶಾಕಟಾಯನನಿಗೆ ಎದುರಿನಿಂದ ಸಾಗಿಹೋದ ಬಂಡಿಗಳ ಸಾಲು ಗೋಚರವಾಗಲಿಲ್ಲವಂತೆ. ಮನಸ್ಸು ಜೊತೆಗೂಡದಿದ್ದರೆ ಕಣ್ಣೆದುರಿಗಿರುವುದೂ ಪರೋಕ್ಷವೇ ಎಂಬುದು ಇದರ ತಾತ್ಪರ್ಯ.

ಕನ್ನಡ ವಿದ್ಯಾರ್ಥಿಗೆ ಈ ಚರ್ಚೆ ಹೊಸದೆನಿಸಬೇಕಿಲ್ಲ. 'ರಾತ್ರಿ ನಿದ್ದೆಯಲ್ಲಿ ನಾನು ಏನೇನೋ ಮಾತಾಡಿದೆನಂತೆ', 'ಚಿಕ್ಕಂದಿನಲ್ಲಿ ನಾನು ಬಹಳ ಅಳುತ್ತಿದ್ದೆನಂತೆ' ಎಂದು ಕನ್ನಡಿಗರು ದಿನವೂ ಆಡುತ್ತಾರೆ. ಇಲ್ಲಿ ಕರ್ತೃ ತಾನೇ ಆದರೂ ಸಾಕ್ಷಿ ತಾನಲ್ಲ. ಎಚ್ಚರದಲ್ಲಿ ಮಾಡಿದ ಕೆಲಸವನ್ನು ಕುರಿತು 'ನಾನು ಈಗ ಊಟ ಮಾಡಿದೆನಂತೆ' ಎಂದರೆ ಕೇಳಿದವರು ನಗುತ್ತಾರೆ. ಲಿಟ್‌ನ ಉತ್ತಮ ಪುರುಷಕ್ಕೆ ವೈಯಾಕರಣರು ವಿಧಿಸಿದ ಮಿತಿಯೇ ಕನ್ನಡದ 'ಅಂತೆ'ಗೂ ಇದೆ. ಯಾವ ವ್ಯಾಕರಣವೂ ಕಲಿಸದೆ ಮಗುವೊಂದು ಈ ಮಿತಿಯನ್ನು ಪಾಲಿಸುತ್ತದೆ.

ಹಾಗೆಂದು ಲಿಟ್ ಮತ್ತು 'ಅಂತೆ' ಒಂದೇ ಎಂದು ಭಾವಿಸುವುದು ಸರಿಯಾಗದು. ವಾರ್ತಿಕಕಾರ ಲಿಟ್‌ಗೆ ಇನ್ನೊಂದು ಸಂದರ್ಭವನ್ನು ಸೇರಿಸುತ್ತಾನೆ: ಅತ್ಯಂತಾಪಹ್ನವ, ಅಂದರೆ ಪೂರ್ಣ ನಿರಾಕರಣೆ. ಕಾಶಿಕಾವೃತ್ತಿಯ ಉದಾಹರಣೆಯಲ್ಲಿ ಕಳಿಂಗದಲ್ಲಿ ನೆಲೆಸಿದ್ದೆಯಾ ಎಂದು ಕೇಳಿದವನಿಗೆ ತಾನು ಕಳಿಂಗಕ್ಕೆ ಹೋಗಿಯೇ ಇಲ್ಲವೆಂಬ ಉತ್ತರ ಬರುತ್ತದೆ. ದಕ್ಷಿಣಾಪಥದ ವಿಷಯದಲ್ಲೂ ಹೀಗೆಯೇ. ಇಲ್ಲಿ ಬಳಕೆಯಾಗುವುದು ಜಗಾಮ, ಪ್ರವಿವೇಶ ಎಂಬ ಲಿಟ್ ರೂಪಗಳು. ನೆಲೆಸುವ ಮಾತಿರಲಿ, ಹೋಗುವ ಕ್ರಿಯೆಯೇ ತನ್ನ ಅನುಭವದ ವ್ಯಾಪ್ತಿಯಲ್ಲಿಲ್ಲ ಎಂಬ ಒತ್ತು ಅದರಲ್ಲಿದೆ. ಕನ್ನಡದಲ್ಲಿ ಈ ಕೆಲಸವನ್ನು 'ಹೋಗೇ ಇಲ್ಲ' ಎಂಬಲ್ಲಿನ ಅವಧಾರಣೆಯ ಏಕಾರ ಮಾಡುತ್ತದೆ. 'ನಾನು ಹೋಗಲಿಲ್ಲವಂತೆ' ಎಂಬ ಮಾತು ಇಲ್ಲಿ ನಿರಾಕರಣೆಯನ್ನೇ ಕೆಡಿಸಿಬಿಡುತ್ತದೆ. ಇನ್ನೂ ಒಂದು ಭೇದವಿದೆ. ಲಿಟ್ ಭೂತಕಾಲಕ್ಕೆ ಸೀಮಿತವಾದ ಕ್ರಿಯಾರೂಪ. 'ಅಂತೆ'ಯಾದರೋ ಪೂರ್ಣವಾದ ವಾಕ್ಯದ ಮೇಲೆ ಬರುವುದರಿಂದ 'ನಾಳೆ ಬರುತ್ತಾನಂತೆ', 'ಅವನು ವೈದ್ಯನಂತೆ' ಎಂದು ಎಲ್ಲ ಕಾಲಗಳಿಗೂ ಕ್ರಿಯಾಪದವಿಲ್ಲದ ವಾಕ್ಯಕ್ಕೂ ಸಲ್ಲುತ್ತದೆ. ಲಿಟ್ ತಾನು ಕಾಣಲಿಲ್ಲವೆಂದಷ್ಟೇ ಸೂಚಿಸಿದರೆ 'ಅಂತೆ' ಬೇರೊಬ್ಬರು ಹೇಳಿದರೆಂದು ಹೊಣೆಯನ್ನು ದಾಟಿಸುತ್ತದೆ. 'ಅಂತೆ'ಯ ಹತ್ತಿರದ ನಂಟು ಲಿಟ್‌ಗಿಂತಲೂ ಅದರ ಜೊತೆಗೆ ಬರುವ 'ಕಿಲ'ದೊಡನೆ ಎನ್ನುವುದು ಹೆಚ್ಚು ಯುಕ್ತ.

5

ಈ ಚರ್ಚೆ ಕೇವಲ ಸೂಕ್ಷ್ಮ ವ್ಯಾಕರಣದ ವಿಲಾಸವಲ್ಲ ಎಂಬುದಕ್ಕೆ ಇತಿಹಾಸದ ಬರವಣಿಗೆಯೇ ಸಾಕ್ಷಿ. ಲಙ್ ಸೂತ್ರದ ಮೇಲಿನ ಒಂದು ವಾರ್ತಿಕದ ಪ್ರಕಾರ, ಘಟನೆಯನ್ನು ತಾನು ಕಾಣದಿದ್ದರೂ ಅದು ಲೋಕಪ್ರಸಿದ್ಧವಾಗಿದ್ದು, ಹೇಳುವವನು ಕಾಣಲು ಸಾಧ್ಯವಿದ್ದ ಕಾಲದಲ್ಲಿ ನಡೆದಿದ್ದರೆ ಲಿಟ್ ಬದಲು ಲಙ್ ಬಳಸಬೇಕು. ಪತಂಜಲಿ ಇದಕ್ಕೆ ಯವನನು ಸಾಕೇತವನ್ನೂ ಮಧ್ಯಮಿಕೆಯನ್ನೂ ಮುತ್ತಿದ ಘಟನೆಯನ್ನು ಉದಾಹರಿಸಿ 'ಅರುಣತ್' ಎಂಬ ಲಙ್ ರೂಪವನ್ನು ಬಳಸುತ್ತಾನೆ. ವಾಸುದೇವನು ಕಂಸನನ್ನು ಕೊಂದದ್ದಕ್ಕೆ ಮಾತ್ರ 'ಜಘಾನ' ಎಂಬ ಲಿಟ್. 1861ರಲ್ಲಿ ಗೋಲ್ಡ್‌ಸ್ಟ್ಯೂಕರ್, 1872ರಲ್ಲಿ ರಾಮಕೃಷ್ಣ ಗೋಪಾಲ ಭಂಡಾರಕರ್ ಪತಂಜಲಿಯ ಕಾಲವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ನಿಲ್ಲಿಸಲು ಬಳಸಿಕೊಂಡ ಆಧಾರಗಳಲ್ಲಿ ಈ ಕ್ರಿಯಾರೂಪವೂ ಒಂದು.

ಇದೇ ಪರಂಪರೆಯ ಒಂದು ಕೊಂಡಿ ಕರ್ನಾಟಕದಲ್ಲಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಜೈನ ವೈಯಾಕರಣ ಪಾಲ್ಯಕೀರ್ತಿಯು ಶಾಕಟಾಯನನೆಂಬ ಹೆಸರಿನಿಂದಲೇ ಪ್ರಸಿದ್ಧನಾದವನು. ಬಂಡಿಗಳ ಸಾಲನ್ನು ಕಾಣದೆಹೋದ ಪ್ರಾಚೀನ ಶಾಕಟಾಯನನಿಗಿಂತ ಈತ ಬೇರೆ. ಇವನ ಶಬ್ದಾನುಶಾಸನದ ಅಮೋಘವೃತ್ತಿಯಲ್ಲಿ ಈ ನಿಯಮ ಬಂದಾಗ ಸಾಕೇತದ ಯವನನ ಜಾಗಕ್ಕೆ ಶತ್ರುಗಳನ್ನು ಸುಟ್ಟ ಅಮೋಘವರ್ಷ ಬರುತ್ತಾನೆ. ಕ್ರಿಯಾಪದ 'ಅದಹತ್' ಎಂಬ ಲಙ್. ಕೆ. ಬಿ. ಪಾಠಕ್ ಅವರು ಈ ವೈಯಾಕರಣನನ್ನು ಒಂಬತ್ತನೆಯ ಶತಮಾನದಲ್ಲಿ ಇರಿಸುವಾಗ ಈ ಪ್ರಯೋಗಕ್ಕೆ ವಿಶೇಷ ಮಹತ್ವ ಕೊಟ್ಟರು. ಮುಂದೆ ಗುಜರಾತಿನ ಹೇಮಚಂದ್ರನೂ ತನ್ನ ವ್ಯಾಕರಣದಲ್ಲಿ ಇದೇ ಸ್ಥಾನದಲ್ಲಿ ಅವಂತಿಯನ್ನು ಮುತ್ತಿದ ಸಿದ್ಧರಾಜನನ್ನು ತಂದು ನಿಲ್ಲಿಸುತ್ತಾನೆ. ಕವಿರಾಜಮಾರ್ಗವನ್ನು ಕುರಿತ ಚರ್ಚೆಯಲ್ಲಿ ನೃಪತುಂಗನ ಆಸ್ಥಾನವನ್ನು ಪದೇ ಪದೇ ನೆನೆಯುವ ಕನ್ನಡ ಅಧ್ಯಯನವು ಅದೇ ದೊರೆಯ ಹೆಸರು ಒಂದು ಲಕಾರದ ಉದಾಹರಣೆಯಲ್ಲಿ ಸಮಕಾಲೀನ ಘಟನೆಯಾಗಿ ದಾಖಲಾಗಿರುವುದನ್ನು ಅಷ್ಟಾಗಿ ಗಮನಕ್ಕೆ ತಂದುಕೊಂಡಿಲ್ಲ.

ಇಲ್ಲಿ ಎಚ್ಚರವೂ ಅಗತ್ಯ. ವ್ಯಾಕರಣದ ಉದಾಹರಣೆಗಳು ಗ್ರಂಥದಿಂದ ಗ್ರಂಥಕ್ಕೆ ಹರಿದುಬರುತ್ತವೆ. ಪತಂಜಲಿಯ ಉದಾಹರಣೆಗಳೂ ಹಿಂದಿನವರಿಂದ ಬಂದಿರಬಹುದೆಂದು ವೇಬರ್ ಆಕ್ಷೇಪಿಸಿದ್ದು ಇದೇ ಕಾರಣಕ್ಕೆ. ಸಾಕೇತದ ಮುತ್ತಿಗೆಯನ್ನು ಏಳನೆಯ ಶತಮಾನದ ಕಾಶಿಕೆಯೂ ಹಾಗೆಯೇ ಉದ್ಧರಿಸುತ್ತದೆ. ಅದರಿಂದ ಕಾಶಿಕಾಕಾರರು ಆ ಮುತ್ತಿಗೆಯ ಸಮಕಾಲೀನರಾಗುವುದಿಲ್ಲ. ಹಳೆಯ ಉದಾಹರಣೆಯನ್ನು ಕೈಬಿಟ್ಟು ಹೊಸ ಹೆಸರನ್ನು ತಂದಾಗ ಮಾತ್ರ ಸಾಕ್ಷ್ಯಕ್ಕೆ ತೂಕ ಬರುತ್ತದೆ. ಅಮೋಘವೃತ್ತಿಯ ಮಹತ್ವವಿರುವುದು ಇಲ್ಲಿಯೇ.

6

ಈ ನಿಯಮವನ್ನು ಸಂಸ್ಕೃತದ ಸಮಸ್ತ ಸಾಹಿತ್ಯಕ್ಕೂ ಅಳತೆಗೋಲಾಗಿ ಹಿಡಿಯಬಹುದೇ ಎಂಬ ಪ್ರಶ್ನೆ ಸಹಜ. ಹಾಗೆ ಹಿಡಿದರೆ ಬಹುಬೇಗ ಎಡವಬೇಕಾಗುತ್ತದೆ. ಭಗವದ್ಗೀತೆಯಲ್ಲಿ ಯುದ್ಧಭೂಮಿಯ ಮಾತುಗಳನ್ನು ವರದಿ ಮಾಡುವ ಸಂಜಯ ಒಮ್ಮೆ 'ಅಬ್ರವೀತ್' ಎಂದು ಲಙ್ ಬಳಸುತ್ತಾನೆ, ಇನ್ನೊಮ್ಮೆ 'ಉವಾಚ' ಎಂದು ಲಿಟ್ ಬಳಸುತ್ತಾನೆ. ಸಾಕ್ಷಿ ಒಬ್ಬನೇ, ಕ್ರಿಯೆಯೂ ಮಾತಾಡುವುದೇ. ಕೊನೆಯಲ್ಲಿ ಸಂವಾದವನ್ನು ತಾನು ಕೇಳಿದೆನೆನ್ನುವಾಗ 'ಅಶ್ರೌಷಮ್' ಎಂಬ ಲುಙ್ ಬರುತ್ತದೆ. ಇತಿಹಾಸಕಾವ್ಯಗಳಲ್ಲಿ ಈ ರೂಪಗಳ ಭೇದ ಬಹುಮಟ್ಟಿಗೆ ಸಡಿಲಗೊಂಡಿತ್ತೆಂಬುದನ್ನು ಒಪ್ಪಲೇಬೇಕು.

ವೇದಭಾಷೆಯಲ್ಲಿಯಾದರೋ ಚಿತ್ರವೇ ಬೇರೆ. ಅಲ್ಲಿ ಲಿಟ್ ಅನೇಕ ಕಡೆ ಹಿಂದೆ ನಡೆದ ಕ್ರಿಯೆಯ ಫಲವಾಗಿ ಈಗ ಇರುವ ಸ್ಥಿತಿಯನ್ನು ಹೇಳುತ್ತದೆ. ಪಾಣಿನಿಯೂ ವೇದದ ಲಿಟ್‌ಗೆ ಬೇರೆ ಸೂತ್ರಗಳನ್ನು ಮಾಡಿದ್ದಾನೆ. ಈ ಹಳೆಯ ಅರ್ಥದ ಉಳಿಕೆಯೊಂದು ಲೌಕಿಕ ಸಂಸ್ಕೃತದಲ್ಲಿಯೂ ಇದೆ: 'ವೇದ' ಎಂಬ ರೂಪ. ಪ್ರತ್ಯಯ ಲಿಟ್‌ನದು, ಅರ್ಥ 'ತಿಳಿದಿದ್ದಾನೆ' ಎಂಬ ವರ್ತಮಾನದ್ದು. ಗ್ರೀಕಿನ 'ಓಯ್ದ' ಇದೇ ಮೂಲದ್ದು, ಅರ್ಥವೂ ಇದೇ. ಅದೇ ಮೂಲದ ಲ್ಯಾಟಿನ್ ಕ್ರಿಯಾಪದಕ್ಕೆ 'ನೋಡು' ಎಂಬ ಅರ್ಥವಿರುವುದನ್ನು ನೆನೆದರೆ, ಕಂಡದ್ದರ ಫಲವೇ ತಿಳಿದಿರುವಿಕೆ ಎಂಬ ಹಾದಿ ಸ್ಪಷ್ಟವಾಗುತ್ತದೆ. ಕಂಡು ತಿಳಿದದ್ದನ್ನು ಹೇಳುತ್ತಿದ್ದ ರೂಪಪ್ರಕಾರವೇ ಮುಂದೆ ಕಾಣದ್ದನ್ನು ಹೇಳಲು ಮೀಸಲಾದದ್ದು ಭಾಷಾಚರಿತ್ರೆಯ ಸ್ವಾರಸ್ಯಗಳಲ್ಲಿ ಒಂದು. ಪಾಣಿನಿಯ ನಿಯಮ ಈ ದೀರ್ಘ ಚಲನೆಯ ಒಂದು ಘಟ್ಟದ ವರ್ಣನೆ; ಅದನ್ನು ಎಲ್ಲ ಕಾಲಕ್ಕೂ ಅನ್ವಯಿಸುವುದು ಆ ವರ್ಣನೆಗೇ ಮಾಡುವ ಅನ್ಯಾಯ.

ಆದರೂ ನಿಯಮ ಗ್ರಂಥದಲ್ಲಿಯೇ ಉಳಿದುಹೋಯಿತೆನ್ನುವಂತಿಲ್ಲ. ದಂಡಿಯ ದಶಕುಮಾರಚರಿತೆಯಲ್ಲಿ ರಾಜಕುಮಾರರು ತಮ್ಮ ಸಾಹಸಗಳನ್ನು ತಾವೇ ನಿರೂಪಿಸುವಾಗ ಲಿಟ್ ರೂಪವನ್ನು ದೂರವಿಡುತ್ತಾರೆಂಬುದನ್ನು ಸ್ಪೇಯರ್ 1886ರಷ್ಟು ಹಿಂದೆಯೇ ಗುರುತಿಸಿದ್ದಾನೆ. ನಿರೂಪಕ ಯಾರು, ಅವನು ಕಂಡದ್ದೇನು ಎಂಬ ಅರಿವು ಅಲ್ಲಿ ಕ್ರಿಯಾಪದದ ಆಯ್ಕೆಯಲ್ಲಿಯೇ ಅಡಗಿದೆ. ಕನ್ನಡ ಕಾವ್ಯಮೀಮಾಂಸೆಯು ಕಾವ್ಯಾದರ್ಶದ ಮೂಲಕ ಚೆನ್ನಾಗಿ ಬಲ್ಲ ದಂಡಿಯು ಕಥನಕಾರನಾಗಿ ತೋರಿದ ಈ ಶಿಸ್ತು ಅನುವಾದಕರ ಗಮನಕ್ಕೆ ಬರಬೇಕಾದದ್ದು.

7

ಹಾಗಾದರೆ ಕನ್ನಡದಲ್ಲಿ ಲಿಟ್ ರೂಪವನ್ನು ಹೇಗೆ ಓದಬೇಕು, ಹೇಗೆ ಅನುವಾದಿಸಬೇಕು? ಪ್ರತಿಯೊಂದು ಲಿಟ್‌ಗೂ 'ಅಂತೆ' ಹಚ್ಚುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಪುರಾಣಕಥನವೆಲ್ಲ ವದಂತಿಯಂತೆ ಕೇಳಿಸತೊಡಗುತ್ತದೆ. ಕನ್ನಡದ ಕಥೆಗಾರರು ಈ ವಿಷಯದಲ್ಲಿ ಒಳ್ಳೆಯ ಮಾರ್ಗದರ್ಶಕರು. 'ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ' ಎಂದು ಆರಂಭಿಸುವ ಅಜ್ಜಿ ಕೆಲವು ವಾಕ್ಯಗಳ ನಂತರ 'ಅಂತೆ'ಯನ್ನು ಬಿಟ್ಟು ನೇರ ಭೂತಕಾಲಕ್ಕೆ ಬರುತ್ತಾಳೆ. ಕಥೆ ತನ್ನ ಕಣ್ಣಿನದಲ್ಲವೆಂಬ ಸೂಚನೆಯನ್ನು ಒಮ್ಮೆ ಕೊಟ್ಟರೆ ಸಾಕು. ಅನುವಾದಕನೂ ನಿರೂಪಕನ ನೆಲೆ ಬದಲಾಗುವ ಸ್ಥಳಗಳಲ್ಲಿ ಮಾತ್ರ ಈ ಸೂಚನೆಯನ್ನು ಬಳಸಿ, ಉಳಿದೆಡೆ ಸರಳ ಭೂತಕಾಲದಲ್ಲಿ ಸಾಗಬಹುದು. ಇದಕ್ಕೆ ಮೊದಲು ಆ ಸ್ಥಳಗಳು ಯಾವುವೆಂದು ಅವನಿಗೆ ತಿಳಿದಿರಬೇಕು. ಲಿಟ್, ಲಙ್, ಲುಙ್‌ಗಳಿಗೆ 'ಹೋದನು' ಎಂಬ ಒಂದೇ ಉತ್ತರವನ್ನು ಕಲಿತು ಬಂದವನಿಗೆ ಅದು ತಿಳಿಯುವುದು ಕಷ್ಟ.

ಇದಕ್ಕಿಂತ ಮುಖ್ಯವಾದುದು ಕನ್ನಡ ವ್ಯಾಕರಣದ ಪ್ರಶ್ನೆ. ಕೇಶಿರಾಜನು ಶಬ್ದಮಣಿದರ್ಪಣದ ಚೌಕಟ್ಟಿಗೆ ಸಂಸ್ಕೃತ ವ್ಯಾಕರಣದಿಂದ ಬಹಳಷ್ಟನ್ನು ಪಡೆದರೂ ಆಖ್ಯಾತದಲ್ಲಿ ದ, ದಪ, ವ ಎಂಬ ಪ್ರತ್ಯಯಗಳ ಮೂಲಕ ಮೂರೇ ಕಾಲಗಳನ್ನು ಹೇಳಿದ. ಮೂರು ಬಗೆಯ ಭೂತವನ್ನು ಕನ್ನಡದ ಮೇಲೆ ಹೊರಿಸದ ಅವನ ವಿವೇಕ ಮೆಚ್ಚತಕ್ಕದ್ದು. ಆದರೆ ಕಾಲಪ್ರತ್ಯಯಗಳಲ್ಲಿ ಇಲ್ಲದ ಭೇದವನ್ನು ಭಾಷೆ ಬೇರೆಡೆ ಇಟ್ಟುಕೊಂಡಿರಬಹುದಲ್ಲವೇ ಎಂಬ ಶೋಧಕ್ಕೆ ಮುಂದಿನವರಾದರೂ ಇಳಿಯಬೇಕಾಗಿತ್ತು. ಶಾಲಾ ವ್ಯಾಕರಣಗಳಲ್ಲಿ 'ಅಂತೆ' ಕಾಣಿಸಿಕೊಂಡರೂ ಹೋಲಿಕೆಯನ್ನು ಹೇಳುವ ಅವ್ಯಯವಾಗಿಯೇ ಹೆಚ್ಚು; ಕೇಳಿದ ಸುದ್ದಿಯನ್ನು ಗುರುತಿಸುವ 'ಅಂತೆ'ಗೆ ವ್ಯವಸ್ಥಿತವಾದ ಸ್ಥಾನ ದೊರೆತಿಲ್ಲ. ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಮಂಡಿಸಿದ ವಾದದ ಬಳಿಕ ಸಂಸ್ಕೃತದ ಮಾದರಿಗಳನ್ನು ಅನುಮಾನದಿಂದ ನೋಡುವುದು ಕನ್ನಡ ವಿಭಾಗಗಳಲ್ಲಿ ಸಹಜವಾಯಿತು. ಅದು ಅಗತ್ಯವೂ ಆಗಿತ್ತು. ಆದರೆ ಮಾದರಿಯನ್ನು ತೊರೆಯುವುದರೊಂದಿಗೆ ಪ್ರಶ್ನೆಯನ್ನೂ ತೊರೆಯಬೇಕಾಗಿಲ್ಲ. ಪತಂಜಲಿಯಿಂದ ಕನ್ನಡಕ್ಕೆ ಲಿಟ್ ಬೇಕಾಗಿಲ್ಲ; ಗೋಡೆ, ಚಾಪೆ, ನಿದ್ದೆ, ಅನ್ಯಮನಸ್ಕತೆ ಎಂದು ಒಂದೊಂದಾಗಿ ಪರೀಕ್ಷಿಸುವ ಅವನ ವಿಧಾನ ಬೇಕಾಗಿದೆ.

ಆ ವಿಧಾನದಿಂದ ಹೊರಟು ಕನ್ನಡದ 'ಅಂತೆ'ಯನ್ನು ಪರೀಕ್ಷಿಸಬೇಕಾದ ಕೆಲಸ ಸಾಕಷ್ಟಿದೆ. ಶಾಸನಗಳಲ್ಲಿ, ಹಳಗನ್ನಡ ಗದ್ಯದಲ್ಲಿ, ವಚನಗಳಲ್ಲಿ, ಜನಪದ ಕಥನದಲ್ಲಿ, ಕರಾವಳಿಯಿಂದ ಬಯಲುಸೀಮೆಯವರೆಗಿನ ಆಡುನುಡಿಗಳಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಕನ್ನಡ ಹೇಗೆ ಬೇರ್ಪಡಿಸುತ್ತದೆ, ಯಾವಾಗ ಬೇರ್ಪಡಿಸದೆ ಬಿಡುತ್ತದೆ ಎಂಬುದನ್ನು ದಾಖಲಿಸಬೇಕು. ತನಗೆ ಗೊತ್ತಿರುವುದನ್ನು ಹೇಗೆ ಗೊತ್ತುಮಾಡಿಕೊಂಡೆನೆಂಬುದನ್ನು ವಾಕ್ಯದ ಕೊನೆಯ ಎರಡು ಅಕ್ಷರಗಳಲ್ಲಿ ಒಪ್ಪಿಕೊಳ್ಳುವ ಭಾಷೆಗೆ ಅದರ ವ್ಯಾಕರಣಕಾರರು ಇಷ್ಟು ಕಾಲ ಪುಟ ಬಿಡದಿರುವುದು ಸಣ್ಣ ಲೋಪವಲ್ಲ.